ಸರ್ವರ್ ಹಾಕಿದ ಸಹಿ

ನಾನು ಕೆಲಸ ಮಾಡುವ ಕಂಪನಿ ಕಾಲೇಜು ಪ್ರಯೋಗಾಲಯಗಳಿಗೆ ಬೇಕಾದ ಉಪಕರಣಗಳನ್ನು ತಯಾರಿಸುತ್ತದೆ. ಸೂಕ್ಷ್ಮ ತಕ್ಕಡಿ, ಮೈಕ್ರೋಸ್ಕೋಪು, ನೀರಿನ ಹುಳಿ ಅಳೆಯುವ ಮೀಟರು, ಇಂಥವು. ವಿಜಯನಗರದಲ್ಲಿ ಎರಡಂತಸ್ತಿನ ಕಟ್ಟಡ. ಕೆಳಗೆ ವರ್ಕ್‌ಶಾಪು, ಮೇಲೆ ಆಫೀಸು. ಆಫೀಸಿನ ಮೂಲೆಯಲ್ಲಿ ಗಾಜಿನ ಬಾಗಿಲಿನ ಒಂದು ಪುಟ್ಟ ಕೋಣೆ ನನ್ನದು. ಈಗ ಎಲ್ಲರ ಮೇಜಿನ ಮೇಲೂ ಕಂಪ್ಯೂಟರ್ ಇದೆ, ಆದರೂ ಆ ಕೋಣೆಯನ್ನು ಮಾತ್ರ ಎಲ್ಲರೂ ‘ಕಂಪ್ಯೂಟರ್ ರೂಮು’ ಎನ್ನುತ್ತಾರೆ. ಮೇಲ್ ಬರದಿದ್ದರೆ, ಪ್ರಿಂಟರ್ ಕಾಗದ ನುಂಗಿದರೆ, ಪಾಸ್‌ವರ್ಡ್ ಮರೆತರೆ ಎಲ್ಲರೂ ಬರುವುದು ಅಲ್ಲಿಗೆ. ಬಂದವರನ್ನು ನಾನು ಬರಿಗೈಯಲ್ಲಿ ಕಳಿಸಿದ್ದು ಕಡಿಮೆ.

ಒಂದು ಬೆಳಿಗ್ಗೆ ಯಜಮಾನರು ನನ್ನನ್ನು ಕರೆಸಿದರು. ಅವರು ಕಂಪನಿಯ ಮಾಲೀಕರು, ತಮ್ಮ ತಂದೆಯ ಕಾಲದಿಂದ ಇದನ್ನು ನಡೆಸಿಕೊಂಡು ಬಂದವರು. ಕೋಪ ಬಂದಾಗ ಕನ್ನಡಕ ತೆಗೆದು ಒರೆಸುವುದು ಅವರ ಅಭ್ಯಾಸ. ನಾನು ಹೋದಾಗ ಒರೆಸುತ್ತಲೇ ಇದ್ದರು.

“ಒಂದು ಕಾಲೇಜಿನೋರು ಒಂದು ಲ್ಯಾಬಿಗಾಗೋಷ್ಟು ಮೈಕ್ರೋಸ್ಕೋಪು ಬೇಕು ಅಂತ ಫೋನ್ ಮಾಡವ್ರೆ ಕಣಮ್ಮ. ಯಾರಿಗೆ ಗೊತ್ತಾ? ನಮ್ಮನ್ನ ಬಿಟ್ಟು ಹೋದನಲ್ಲ, ಆ ಸೇಲ್ಸ್‌ನೋನಿಗೆ.”

“ಅವರ ನಂಬರ್ ಇವರಿಗೆ ಹೇಗೆ ಸಿಕ್ತು ಸರ್?”

“ನಮ್ಮ ಮೇಲ್‌ನಲ್ಲೇ ಇತ್ತಂತೆ!”

ವಿಚಾರಿಸಿದಾಗ ಆಗಿದ್ದೇನೆಂದು ತಿಳಿಯಿತು. ಹೊಸದಾಗಿ ಸೇರಿದ ಸೇಲ್ಸ್ ಹುಡುಗ, ಬಿಟ್ಟು ಹೋದವನ ಹಳೆಯ ಮೇಲ್‌ನ ಕೆಳಭಾಗವನ್ನು ಹಾಗೇ ಎತ್ತಿಕೊಂಡು, ಹೆಸರು ಮಾತ್ರ ಬದಲಿಸಿ, ಫೋನ್ ನಂಬರ್ ಬದಲಿಸುವುದನ್ನು ಮರೆತಿದ್ದ. ಬಂದ ಆರ್ಡರನ್ನು ಆ ಹಳಬ ಸದ್ದಿಲ್ಲದೆ ತನ್ನ ಹೊಸ ಕಂಪನಿಗೆ ಹಾಕಿಕೊಂಡಿದ್ದ.

“ಇನ್ಮೇಲೆ ನಮ್ಮಿಂದ ಹೋಗೋ ಪ್ರತಿ ಮೇಲ್ ಕೆಳಗೂ ಒಂದೇ ಥರ ಇರ್ಬೇಕು,” ಎಂದರು ಯಜಮಾನರು. “ಹೆಸರು, ಹುದ್ದೆ, ಸರಿಯಾದ ನಂಬರು, ನಮ್ಮ ಲೋಗೋ. ಮಾಡ್ಬುಡಮ್ಮ.”

“ಮಾಡ್ತೀನಿ ಸರ್,” ಎಂದೆ. ಹೇಗೆ ಎಂದು ಆಮೇಲೆ ಯೋಚಿಸಿದರಾಯಿತು ಎನ್ನುವವಳು ನಾನು.

ಮೊದಲು ಸುಲಭದ ದಾರಿ ಹಿಡಿದೆ. ಒಂದು ಮಾದರಿ ಮಾಡಿ, ಇದನ್ನು ನಿಮ್ಮ ನಿಮ್ಮ ಮೇಲ್‌ಗೆ ಅಂಟಿಸಿಕೊಳ್ಳಿ ಎಂದು ಎಲ್ಲರಿಗೂ ಕಳಿಸಿದೆ. ಎರಡೇ ದಿನದಲ್ಲಿ ಫಲ ಕಾಣಿಸಿತು. ಅಕೌಂಟ್ಸ್‌ನವರು ಮಾದರಿಯ ಕೆಳಗೆ ತಮ್ಮ ಮನೆದೇವರ ಒಂದು ಸಾಲು ಸೇರಿಸಿದ್ದರು. ಸೇಲ್ಸ್‌ನ ಒಬ್ಬಾಕೆ ಅಕ್ಷರಗಳನ್ನೆಲ್ಲ ನೇರಳೆ ಮಾಡಿ ಪಕ್ಕದಲ್ಲಿ ಒಂದು ಗುಲಾಬಿ ಇಟ್ಟಿದ್ದರು. ಸ್ಟೋರ್ಸ್‌ನವರಂತೂ ನಾನು ಕಳಿಸಿದ್ದನ್ನು ಒಂದಕ್ಷರವೂ ಮುಟ್ಟದೆ ಅಂಟಿಸಿದ್ದರಿಂದ, ಅವರ ಮೇಲ್‌ಗಳೆಲ್ಲ ‘ನಿಮ್ಮ ಹೆಸರು ಇಲ್ಲಿ’ ಎಂಬ ವ್ಯಕ್ತಿಯಿಂದ ಹೋಗುತ್ತಿದ್ದವು. ಯಜಮಾನರು ಪ್ರಿಂಟ್ ತೆಗೆಸಿಕೊಂಡು ನನ್ನ ಮುಂದೆ ಹರಡಿದರು. “ಇದೇನಮ್ಮ, ದೇವರಾಜ ಮಾರ್ಕೆಟ್ ಆಗೋಯ್ತಲ್ಲ!”

ಆಗ ಸರ್ವರ್‌ನಿಂದಲೇ ಮಾಡುವುದೆಂದು ತೀರ್ಮಾನಿಸಿದೆ. ನಾವು ಕಳಿಸುವ ಮೇಲ್ ನೇರವಾಗಿ ಗ್ರಾಹಕರ ಮನೆಗೆ ಹಾರುವುದಿಲ್ಲ. ಮೊದಲು ಕಂಪನಿಯ ಮೇಲ್ ಸರ್ವರ್‌ಗೆ ಬರುತ್ತದೆ, ಅಲ್ಲಿಂದ ಹೊರಗೆ ಹೊರಡುತ್ತದೆ. ಹೊರಡುವ ಆ ಬಾಗಿಲಲ್ಲಿ ಒಂದು ನಿಯಮ ಬರೆದಿಟ್ಟರೆ ಸಾಕು. ಕಳಿಸಿದವರು ಯಾರೆಂದು ಸರ್ವರ್ ನೋಡುತ್ತದೆ, ಸಿಬ್ಬಂದಿ ವಿವರ ಇಟ್ಟಿರುವ ಜಾಗದಿಂದ ಅವರ ಹೆಸರು, ಹುದ್ದೆ, ಫೋನ್ ನಂಬರ್ ತೆಗೆದುಕೊಳ್ಳುತ್ತದೆ, ಲೋಗೋ ಜೊತೆ ಮೇಲ್‌ನ ಕೆಳಗೆ ಜೋಡಿಸಿ ಕಳಿಸುತ್ತದೆ. ಕಂಪ್ಯೂಟರಿನವರ ಮಾತಿನಲ್ಲಿ ಇದಕ್ಕೆ ‘ಸಹಿ’ ಎನ್ನುತ್ತಾರೆ. ಯಾರೂ ಏನೂ ಮಾಡಬೇಕಾಗಿಲ್ಲ. ಯಾರೂ ಏನನ್ನೂ ಬದಲಿಸುವ ಹಾಗೂ ಇಲ್ಲ. ಒಂದೇ ವಿಚಿತ್ರವೆಂದರೆ, ಜೋಡಣೆ ನಡೆಯುವುದು ಮೇಲ್ ಕೈಬಿಟ್ಟು ಹೋದ ಮೇಲೆ. ಹಾಗಾಗಿ ಕಳಿಸಿದವರಿಗೆ ತಮ್ಮ ಮೇಲ್ ಕೆಳಗೆ ಏನು ಹೋಯಿತೆಂಬುದು ಕಾಣಿಸುವುದಿಲ್ಲ. ಕಾಣುವುದು ಪಡೆದವರಿಗೆ ಮಾತ್ರ.

ಆ ಸಂಜೆ ಮನೆಯಲ್ಲಿ ಅಪ್ಪನಿಗೆ ಇದನ್ನು ಹೇಳಿದೆ. ನಮ್ಮ ಮನೆ ಕುಂಬಾರಕೊಪ್ಪಲಿನಲ್ಲಿ. ಅಪ್ಪ ಹಳ್ಳಿಯಿಂದ ಬಂದು ಗಾರೆ ಕೆಲಸ ಕಲಿತವರು. ನಾನು ಓಡಾಡುವ ಬಡಾವಣೆಯ ಎಷ್ಟೋ ಮನೆಗಳ ಗೋಡೆ ಅವರ ಕೈಯವು. ನನ್ನ ಕೆಲಸ ಏನೆಂದು ಅವರು ಆಗಾಗ ಕೇಳುತ್ತಾರೆ, ಕೇಳಿ ಒಂದು ಪ್ರಶ್ನೆ ಹಾಕುತ್ತಾರೆ. ಅವತ್ತೂ ಬುದ್ಧನ ಪಟದ ಕೆಳಗೆ ಗೋಡೆಗೆ ಒರಗಿ ಕೂತು ಎಲ್ಲ ಕೇಳಿಸಿಕೊಂಡರು.

“ಸಯಿ ಅಂದ್ರೆ ಕೈಲಿ ಮಾಡೋದಲ್ವವ್ವಾ?”

“ಇದು ಮೆಷಿನ್ ಮಾಡೋ ಸಹಿ ಅಪ್ಪ.”

“ಅಂಗಾದ್ರೆ ಅದ್ರಲ್ಲಿ ಏನ್ ಬರೀಬೇಕು ಅಂತ ಮೆಷಿನ್‌ಗೆ ಯಾರ್ ಏಳ್ಕೊಡ್ತಾರೆ?”

“ನಾನು,” ಎಂದೆ. ಅಪ್ಪ ತಲೆಯಾಡಿಸಿದರು. ಅವರಿಗೆ ಆ ಉತ್ತರ ಒಪ್ಪಿಗೆಯಾದಂತೆ ಕಂಡಿತು.

ಹೇಳಿಕೊಡಬೇಕಾದರೆ ನನಗೆ ಮೊದಲು ಗೊತ್ತಿರಬೇಕಲ್ಲ. ಸಿಬ್ಬಂದಿ ವಿವರ ತೆರೆದು ನೋಡಿದರೆ ಅರ್ಧಕ್ಕರ್ಧ ಖಾಲಿ, ಉಳಿದರ್ಧ ಹಳೆಯದು. ಕೆಲಸಕ್ಕೆ ಸೇರುವಾಗ ಬರೆದುಕೊಂಡದ್ದನ್ನು ಆಮೇಲೆ ಯಾರೂ ಮುಟ್ಟಿರಲಿಲ್ಲ. ಮೇಲ್ ಕಳಿಸಿ ಕೇಳಿದರೆ ಮತ್ತೆ ಗುಲಾಬಿ ಬರುತ್ತದೆಂದು ನಾನೇ ಒಂದೊಂದು ಮೇಜಿಗೂ ಹೋದೆ. ಹೆಸರು ಹೇಗೆ ಬರೆಯಲಿ, ಇನಿಷಿಯಲ್ ಮುಂದೋ ಹಿಂದೋ ಎಂದು ಕೇಳಿದರೆ ಜನ ಮುಖ ಅರಳಿಸಿ ಹೇಳುತ್ತಿದ್ದರು. ಒಬ್ಬರು ಊರಿನ ಹೆಸರಿನ ಅಕ್ಷರ ತೆಗೆದುಬಿಡಿ ಎಂದರು. ಇನ್ನೊಬ್ಬರು ಅಮ್ಮನ ಹೆಸರಿನ ಅಕ್ಷರ ಸೇರಿಸಿ ಎಂದರು. ಮದುವೆಯಾದ ಮೇಲೆ ಗಂಡನ ಹೆಸರು ತಾನಾಗಿ ಬಂದು ಕೂತಿದ್ದ ಒಬ್ಬಾಕೆ, “ಅದು ಬೇಡ ಕಣ್ರೀ, ನಮ್ಮಪ್ಪ ಇಟ್ಟಿದ್ದೇ ಇರ್ಲಿ,” ಎಂದು ಮೆಲ್ಲಗೆ ಹೇಳಿದರು. ಎಲ್ಲ ಅವರವರು ಹೇಳಿದ ಹಾಗೇ ಬರೆದೆ. ಹುದ್ದೆಯನ್ನು ಮಾತ್ರ ಕೇಳಲಿಲ್ಲ, ಸೇರುವಾಗ ಬರೆದಿದ್ದನ್ನೇ ಬಿಟ್ಟೆ.

ಆ ಸುತ್ತಿನಲ್ಲೇ ನನ್ನ ವಿವರವನ್ನೂ ತೆರೆದು ನೋಡಿದೆ. ‘ಡೇಟಾ ಎಂಟ್ರಿ ಆಪರೇಟರ್’ ಎಂದಿತ್ತು. ಸೇರಿದಾಗ ಅದೇ ಕೆಲಸ ನಿಜ. ಆಮೇಲೆ ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದವರು ಬಿಟ್ಟುಹೋದರು, ಅವರ ಕೆಲಸ ನನಗೆ ಬಂತು, ಹೆಸರು ಬರಲಿಲ್ಲ. ನಾನು ಹೆಚ್ಚು ಯೋಚಿಸಲಿಲ್ಲ. ಅಳಿಸಿ ‘ಸಿಸ್ಟಂ ಅಡ್ಮಿನಿಸ್ಟ್ರೇಟರ್’ ಎಂದು ಟೈಪ್ ಮಾಡಿ ಉಳಿಸಿದೆ.

ಎಲ್ಲರಿಗೂ ಒಮ್ಮೆಲೇ ಹಾಕುವ ಮುಂಚೆ ಪರೀಕ್ಷೆಗೆಂದು ಸರ್ವೀಸ್ ವಿಭಾಗವನ್ನು ಆರಿಸಿಕೊಂಡೆ. ಉಪಕರಣ ಕೆಟ್ಟರೆ, ಅಳತೆ ತಪ್ಪಿದರೆ ಕಾಲೇಜಿನವರು ಬರೆಯುವುದು ಆ ವಿಭಾಗಕ್ಕೆ. ದಿನವಿಡೀ ಅಲ್ಲಿಂದ ಮೇಲ್ ಹೋಗುತ್ತಲೇ ಇರುತ್ತದೆ. ಹೊರಗೆ ಹೋದವುಗಳ ಒಂದು ಪ್ರತಿ ನನಗೂ ಬರುವಂತೆ ಮಾಡಿಕೊಂಡಿದ್ದೆ. ವಿಭಾಗದವರಿಗೂ ಅದನ್ನು ತಿಳಿಸಿದ್ದೆ. ಮೊದಲು ಬಂದ ಪ್ರತಿಯನ್ನು ತೆರೆದವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡೆ.

ಮೀಟರನ್ನು ಹೇಗೆ ಮತ್ತೆ ಸರಿಯಾದ ಅಳತೆಗೆ ತರಬೇಕೆಂದು ಚೆನ್ನಾಗಿ ವಿವರಿಸಿದ್ದ ಮೇಲ್ ಅದು. ಕೊನೆಯಲ್ಲಿ ‘ಇಂತಿ ತಮ್ಮ ವಿಶ್ವಾಸಿ’ ಎಂದು ಸರ್ವೀಸ್ ಮ್ಯಾನೇಜರ್ ಹೆಸರು. ಅದರ ಕೆಳಗೆ ಸರ್ವರ್ ಜೋಡಿಸಿದ್ದ ಅಂದವಾದ ಲೋಗೋ, ಪಕ್ಕದಲ್ಲಿ ಒಬ್ಬ ಹೆಂಗಸಿನ ಹೆಸರು, ಅದರ ಕೆಳಗೆ ಅವರ ಹುದ್ದೆ: ಟೆಲಿಫೋನ್ ಆಪರೇಟರ್.

ಒಂದೇ ಮೇಲ್‌ಗೆ ಎರಡು ಸಹಿ. ಮುಂದಿನದನ್ನು ತೆರೆದೆ. ಅದೂ ಹಾಗೇ. ಅದರ ಮುಂದಿನದೂ.

ಆ ಹೆಂಗಸು ಆಫೀಸಿಗೆ ಹೊಸಬರಲ್ಲ. ನನಗಿಂತ ಎಷ್ಟೋ ಮುಂಚೆ ಸೇರಿದವರು. ನಜರ್‌ಬಾದಿನವರು, ಅವರ ತಾತ ಅರಮನೆಯ ಕಚೇರಿಯಲ್ಲಿ ಬರವಣಿಗೆಯ ಕೆಲಸದಲ್ಲಿದ್ದರಂತೆ, ತಂದೆ ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟರು. ಇವರೂ ಬಿಎಸ್ಸಿ ಓದಿದವರು. ಎರಡು ಬಸ್ ಬದಲಿಸಿ ಬರುತ್ತಿದ್ದರೂ ಸೀರೆಯ ಮಡಿಕೆ ಕೆಟ್ಟದ್ದನ್ನು ನಾನು ನೋಡಿಲ್ಲ. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಅವರು ಸೇರಿದಾಗ ಆಫೀಸಿನ ಬಾಗಿಲಲ್ಲಿ ಟೆಲಿಫೋನ್ ಬೋರ್ಡ್ ಇತ್ತು, ಹೊರಗಿನ ಕರೆಗಳನ್ನು ಬೇಕಾದವರಿಗೆ ಜೋಡಿಸುವುದು ಅವರ ಕೆಲಸ. ಕೆಟ್ಟ ಉಪಕರಣದ ಬಗ್ಗೆ ಕರೆ ಬಂದಾಗ ಸರ್ವೀಸ್‌ನವರು ಊರಲ್ಲಿ ಇಲ್ಲದಿದ್ದರೆ, ಇವರೇ ಕೆಳಗಿನ ವರ್ಕ್‌ಶಾಪಿಗೆ ಇಳಿದು ವಿಷಯ ಕೇಳಿಕೊಂಡು ಬಂದು ಉತ್ತರ ಕೊಡುತ್ತಿದ್ದರು. ಹಾಗೆ ಕೇಳುತ್ತಾ, ಉಪಕರಣ ಬಿಚ್ಚಿಸಿ ನೋಡುತ್ತಾ ಕಲಿತರು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಬೋರ್ಡ್ ಹೋಯಿತು. ಮೇಡಂ ಸರ್ವೀಸ್ ವಿಭಾಗಕ್ಕೆ ಬಂದರು. ನಾನು ಸೇರುವಷ್ಟರಲ್ಲಿ ಗ್ರಾಹಕರ ದೂರುಗಳಿಗೆ ಉತ್ತರ ಬರೆಯುವವರು ಅವರೊಬ್ಬರೇ.

ಮ್ಯಾನೇಜರ್ ಹೆಸರು ಕೆಳಗೆ ಏಕೆ ಬರುತ್ತಿತ್ತೆಂಬುದೂ ಆಫೀಸಿಗೆ ಗೊತ್ತಿದ್ದದ್ದೇ. ಅವರು ಸದಾ ಪ್ರವಾಸದಲ್ಲಿರುವ ಮನುಷ್ಯ, ಹುಬ್ಬಳ್ಳಿಯಿಂದ ಮಂಗಳೂರಿನವರೆಗೆ ಕಾರಿನಲ್ಲಿ ಸುತ್ತುತ್ತಾ ದೊಡ್ಡ ಯಂತ್ರಗಳನ್ನು ರಿಪೇರಿ ಮಾಡುವವರು. “ಕೆಳಗೆ ನನ್ ಹೆಸ್ರು ಹಾಕಿ ಮೇಡಂ, ಗ್ರಾಹಕರಿಗೆ ಒಂದು ಧೈರ್ಯ,” ಎಂದು ಎಂದೋ ಹೇಳಿದ್ದರು. ಮೇಡಂ ಹಾಕುತ್ತಾ ಬಂದಿದ್ದರು. ಮೇಲ್ ಹೋಗುತ್ತಿದ್ದದ್ದು ಮೇಡಂ ಅವರ ಖಾತೆಯಿಂದಲೇ, ಆದರೆ ಅದನ್ನು ಯಾರು ನೋಡುತ್ತಾರೆ? ಈಗ ಸರ್ವರ್ ನೋಡಿತ್ತು.

ಮೇಡಂ ಅವರನ್ನು ನನ್ನ ಕೋಣೆಗೆ ಕರೆದು ಪರದೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು.

“ಆ ಬೋರ್ಡನ್ನ ಗುಜರಿಗೆ ಹಾಕಿ ಎಷ್ಟು ಕಾಲ ಆಯ್ತಮ್ಮ,” ಎಂದರು ಕೊನೆಗೆ. “ನಾನಿನ್ನೂ ಅದರ ಮುಂದೇನೇ ಕೂತಿದೀನಿ ನೋಡಿ.”

“ನೀವು ಹುದ್ದೆ ಏನು ಹಾಕ್ಬೇಕು ಹೇಳಿ ಮೇಡಂ, ಈಗ್ಲೇ ಬದಲಾಯಿಸ್ತೀನಿ. ಒಂದು ನಿಮಿಷದ ಕೆಲಸ.”

ಅವರು ನನ್ನ ಕಡೆ ತಿರುಗಿದರು. “ನಿಮ್ಮದರಲ್ಲಿ ಏನಿದೆ?”

“ಸಿಸ್ಟಂ ಅಡ್ಮಿನಿಸ್ಟ್ರೇಟರ್.”

“ಓಹೋ. ಯಾವಾಗ ಕೊಟ್ರು?”

“ಹೋದ ಗುರುವಾರ.”

“ಯಾರು ಕೊಟ್ಟಿದ್ದು?”

“ನಾನೇ.”

ಮೇಡಂ ನಕ್ಕುಬಿಟ್ಟರು. ಹೊರಗಿನ ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕರು. “ಗಟ್ಟಿಗಿತ್ತಿ ಕಣಮ್ಮ ನೀವು,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಗಂಭೀರವಾದರು. “ನನ್ನದು ಹಾಗೆ ಬೇಡ. ನೀವು ಟೈಪ್ ಮಾಡಿದ್ದನ್ನ ನಾಳೆ ಇನ್ನೊಬ್ರು ಅಳಿಸ್ತಾರೆ. ಕೊಡಬೇಕಾದೋರು ಕೊಡ್ಲಿ. ನಡೀರಿ, ಹೋಗಿ ಕೇಳೋಣ.”

ಅದೇ ಮಧ್ಯಾಹ್ನ ಮ್ಯಾನೇಜರ್ ಪ್ರವಾಸದಿಂದ ಬಂದು ಯಜಮಾನರ ಮುಂದೆ ಕೂತಿದ್ದರು. ಒಳ್ಳೆಯದೇ ಆಯಿತು ಎಂದುಕೊಂಡು ನಾವಿಬ್ಬರೂ ಒಳಗೆ ಹೋದೆವು. ನಾನು ಎರಡು ಸಹಿ ಇದ್ದ ಮೇಲ್‌ನ ಪ್ರಿಂಟನ್ನು ಮೇಜಿನ ಮೇಲಿಟ್ಟೆ.

ಯಜಮಾನರು ಓದಿ, “ಇದರಲ್ಲಿ ಯಾರದ್ದು ನಿಜ?” ಎಂದರು.

“ಬರೆದಿದ್ದು ನಾನು ಸರ್,” ಎಂದರು ಮೇಡಂ.

ಮ್ಯಾನೇಜರ್ ಕುರ್ಚಿಯಲ್ಲಿ ಸ್ವಲ್ಪ ಮಿಸುಕಾಡಿದರು. “ಸರ್, ನಾನೇ ಹಾಕಿ ಅಂದಿದ್ದು. ಅದ್ರಲ್ಲಿ ಮುಚ್ಚುಮರೆ ಏನಿಲ್ಲ. ಮ್ಯಾನೇಜರ್ ಹೆಸ್ರಿದ್ರೆ ಕಾಲೇಜಿನೋರು ಧೈರ್ಯ ತಗೋತಾರೆ. ಟೆಲಿಫೋನ್ ಆಪರೇಟರ್ ಬರ್ದಿರೋದು ಅಂದ್ರೆ ಯಾರ್ ನಂಬ್ತಾರೆ ಹೇಳಿ?”

“ಇಷ್ಟು ದಿನ ನಂಬಿದಾರಲ್ಲ ಸರ್, ನಾನು ಬರೆದಿದ್ದನ್ನೇ,” ಎಂದರು ಮೇಡಂ. ಅವರ ದನಿ ಏರಲಿಲ್ಲ. “ಹುದ್ದೆ ಮಾತ್ರ ಹಳೇದು. ಈಗ ಮಾಡ್ತಿರೋ ಕೆಲಸಕ್ಕೆ ತಕ್ಕದ್ದು ಕೊಡಿ ಅಂತ ಕೇಳೋಕೆ ಬಂದೆ.”

ಯಜಮಾನರು ಕನ್ನಡಕ ತೆಗೆದರು. ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡರು. “ಹೆಸರಿನ ವಿಷಯ ಸುಲಭ. ಯಾರು ಕಳಿಸ್ತಾರೋ ಅವರ ಹೆಸರೇ ಹೋಗ್ಲಿ, ಎಲ್ರಿಗೂ ಅದೇ ನಿಯಮ. ಹುದ್ದೆ ಮಾತ್ರ ನನ್ನ ಹತ್ರ ಈಗ್ಲೇ ಕೇಳ್ಬೇಡಿ. ಒಬ್ರಿಗೆ ಬದಲಾಯಿಸಿದ್ರೆ ನಾಳೆ ಈ ಬಾಗಿಲಲ್ಲಿ ಕ್ಯೂ ನಿಲ್ತದೆ.”

“ಅಲ್ಲೀವರೆಗೆ ಹುದ್ದೆಯ ಸಾಲು ಖಾಲಿ ಬಿಡಬಹುದು ಸರ್,” ಎಂದೆ. “ಖಾಲಿ ಇದ್ರೆ ಆ ಸಾಲು ಕಾಣದ ಹಾಗೆ ಮಾಡ್ತೀನಿ.”

“ಬೇಡ,” ಎಂದರು ಮೇಡಂ. ನನ್ನ ಕಡೆ ನೋಡಲಿಲ್ಲ, ಯಜಮಾನರನ್ನೇ ನೋಡುತ್ತಿದ್ದರು. “ಖಾಲಿ ಬಿಡೋದು ಬೇಡ. ಟೆಲಿಫೋನ್ ಆಪರೇಟರ್ ಅಂತಲೇ ಇರ್ಲಿ. ಆ ಕೆಲಸಕ್ಕೇ ಸೇರಿದ್ದು, ಅದರಲ್ಲಿ ನನಗೇನೂ ನಾಚಿಕೆ ಇಲ್ಲ. ನಿಮಗೆ ನಾಚಿಕೆ ಆದ್ರೆ ಬದಲಾಯಿಸಿ.”

ನನ್ನದನ್ನೂ ಆಗಲೇ ಹೇಳಿಬಿಡುವುದು ಸರಿ ಅನಿಸಿತು.

“ಸರ್, ನನ್ನದರಲ್ಲಿ ಡೇಟಾ ಎಂಟ್ರಿ ಅಂತ ಇತ್ತು. ನಾನು ಸಿಸ್ಟಂ ಅಡ್ಮಿನಿಸ್ಟ್ರೇಟರ್ ಅಂತ ಮಾಡ್ಕೊಂಡಿದೀನಿ.”

“ನೀನೇ?”

“ಹೂಂ ಸರ್. ಬೇಡ ಅಂದ್ರೆ ತೆಗೀತೀನಿ.”

“ನಿಂದು ಬುಡಮ್ಮ. ನೀನು ಮಾಡ್ತಿರೋ ಕೆಲಸಾನೇ ಅದಲ್ವಾ?”

“ಮೇಡಂದೂ ಹಾಗೇ ಅಲ್ವಾ ಸರ್?”

ಯಜಮಾನರು ಕನ್ನಡಕ ಹಾಕಿಕೊಂಡು ನನ್ನನ್ನು ಒಮ್ಮೆ ದಿಟ್ಟಿಸಿದರು. “ಸಾಕು. ಹೋಗಿ ಇಬ್ರೂ ಕೆಲಸ ನೋಡಿ.”

ಹೊರಗೆ ಬಂದ ಮೇಲೆ ಮೇಡಂ ತಮ್ಮ ಮೇಜಿಗೆ ಹೋಗಿ, ಅರ್ಧ ಬರೆದಿಟ್ಟಿದ್ದ ಮೇಲ್ ತೆರೆದು, ಕೊನೆಯಲ್ಲಿದ್ದ ಮ್ಯಾನೇಜರ್ ಹೆಸರನ್ನು ಅಳಿಸಿ ಕಳಿಸಿದರು. ನನಗೆ ಬಂದ ಪ್ರತಿಯಲ್ಲಿ ಅಂದಿನಿಂದ ಒಂದೇ ಸಹಿ.

ಮುಂದಿನ ಸೋಮವಾರ ಇಡೀ ಕಂಪನಿಗೆ ನಿಯಮ ಜಾರಿ ಮಾಡಿದೆ. ಸಣ್ಣಪುಟ್ಟ ತೊಂದರೆಗಳು ಬಂದವು. ಕಂಪನಿಯ ಹೆಸರನ್ನು ಕನ್ನಡದಲ್ಲೂ ಹಾಕಿದ್ದೆ. ಬರೀ ಅಕ್ಷರದ ಸಾದಾ ಮೇಲ್‌ಗಳಲ್ಲಿ ಅದು ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಯಾಗಿ ಹೋಗುತ್ತಿತ್ತು. ಮಾತಿಗೆ ಮಾತು ಬೆಳೆದ ಮೇಲ್‌ಗಳಲ್ಲಿ ಪ್ರತಿ ಉತ್ತರಕ್ಕೂ ಒಂದೊಂದು ಲೋಗೋ ಸೇರಿ, ಗ್ರಾಹಕರೊಬ್ಬರು “ನಿಮ್ಮ ಮಾತಿಗಿಂತ ಚಿತ್ರಗಳೇ ಜಾಸ್ತಿ” ಎಂದು ಬರೆದರು. ಒಂದು ಸರಣಿಗೆ ಒಂದೇ ಸಲ ಸಹಿ ಬೀಳುವಂತೆ ನಿಯಮ ತಿದ್ದಿದೆ. ಆಫೀಸಿನ ಒಳಗೊಳಗೇ ಓಡಾಡುವ ಮೇಲ್‌ಗೆ ಸಹಿ ಬೇಡವೆಂದು ಬಿಟ್ಟೆ. ವಾರ ಕಳೆಯುವಷ್ಟರಲ್ಲಿ ಎಲ್ಲ ಒಂದು ಹದಕ್ಕೆ ಬಂತು. ನಾನು ಕೈಯಿಟ್ಟ ಕೆಲಸ ಹದಕ್ಕೆ ಬರುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿರದಿದ್ದದ್ದು ಯಜಮಾನರಿಗೆ ಬರತೊಡಗಿದ ಫೋನ್‌ಗಳ ವಿಷಯ.

ಮೊದಲನೆಯದು ಹಾಸನದ ಕಡೆಯ ಕಾಲೇಜಿನದು. “ನಿಮ್ಮ ಮೇಲ್‌ನಲ್ಲಿ ಏನೋ ತಪ್ಪು ಬಿದ್ದಿದೆ ಸರ್, ಟೆಲಿಫೋನ್ ಆಪರೇಟರ್ ಅಂತ ಬಂದಿದೆ,” ಎಂದು ಅಲ್ಲಿಯ ಲ್ಯಾಬಿನವರು ಕಾಳಜಿಯಿಂದ ತಿಳಿಸಿದರಂತೆ. ಯಜಮಾನರು ಹೂಂ ಹೂಂ ಎಂದು ಫೋನ್ ಇಟ್ಟರು. ಆಮೇಲೆ ಇನ್ನೊಬ್ಬರು ಅದನ್ನೇ ಹೇಳಿದರು. ಒಬ್ಬ ಪ್ರಿನ್ಸಿಪಾಲರು ನೇರವಾಗಿ, “ಈ ಮೇಡಂ ಯಾರು? ನಮ್ಮ ಸ್ಟಾಫಿಗೆ ಒಂದು ದಿನ ಬಂದು ತೋರಿಸಿಕೊಡಲಿಕ್ಕೆ ಆಗುತ್ತಾ?” ಎಂದು ಕೇಳಿದರಂತೆ. ಹಳೆಯ ಗ್ರಾಹಕರೊಬ್ಬರು, “ಏನ್ ಸ್ವಾಮಿ, ನಿಮ್ಮಲ್ಲಿ ಆಪರೇಟರೇ ಇಷ್ಟು ತಿಳ್ಕೊಂಡಿದ್ರೆ ಮ್ಯಾನೇಜರ್ ಇನ್ನೆಷ್ಟು ತಿಳ್ಕೊಂಡಿರ್ಬೇಕು!” ಎಂದು ತಮಾಷೆ ಮಾಡಿದ್ದು ಮಾತ್ರ ಯಜಮಾನರಿಗೆ ತಮಾಷೆಯಾಗಿ ಕೇಳಿಸಲಿಲ್ಲ.

ಆ ದಿನಗಳಲ್ಲಿ ಮ್ಯಾನೇಜರ್ ನನ್ನೊಡನೆ ಮಾತು ಬಿಟ್ಟಿದ್ದರು. ಟೀ ಕುಡಿಯುವಾಗ ನಾನು ಹೋದರೆ ಕಿಟಕಿಯ ಕಡೆ ತಿರುಗಿ ನಿಲ್ಲುತ್ತಿದ್ದರು. ನನಗೂ ಬೇಸರವಾಗುತ್ತಿತ್ತು, ಏಕೆಂದರೆ ಮನುಷ್ಯ ಕೆಟ್ಟವರಲ್ಲ. ನಮ್ಮ ಮನೆಯ ಪಂಪ್ ಕೆಟ್ಟಾಗ ಭಾನುವಾರ ಬಂದು ಸರಿಮಾಡಿ ಹೋದವರು. ಆದರೆ ಮಾಡಿದ್ದನ್ನು ಹಿಂದಕ್ಕೆ ತೆಗೆಯಬೇಕೆಂದು ಒಂದು ಕ್ಷಣವೂ ಅನಿಸಲಿಲ್ಲ. ಮೇಡಂ ಮಾತ್ರ ಏನೂ ನಡೆದಿಲ್ಲವೆಂಬಂತೆ ಬೆಳಿಗ್ಗೆ ಬಂದು, ದೂರುಗಳನ್ನು ಓದಿ, ಅನುಮಾನ ಬಂದರೆ ಕೆಳಗಿಳಿದು ಉಪಕರಣ ಬಿಚ್ಚಿ ನೋಡಿ, ಉತ್ತರ ಬರೆದು ಮನೆಗೆ ಹೋಗುತ್ತಿದ್ದರು. “ನಿಮಗೆ ಕಸಿವಿಸಿ ಆಗಲ್ವಾ ಮೇಡಂ?” ಎಂದು ಒಮ್ಮೆ ಕೇಳಿದೆ. “ಆಗುತ್ತಮ್ಮ,” ಎಂದರು. “ದಿನಾ ಆಗುತ್ತೆ. ಆದ್ರೆ ಅದು ನನಗಿಂತ ಯಜಮಾನರಿಗೆ ಜಾಸ್ತಿ ಆಗ್ಲಿ ಅಂತ ಕಾಯ್ತಿದೀನಿ.”

ಒಂದು ದಿನ ಯಜಮಾನರು ತಾವೇ ನನ್ನ ಕೋಣೆಗೆ ಬಂದರು. ಸಾಮಾನ್ಯವಾಗಿ ಅವರು ಬರುವವರಲ್ಲ, ಕರೆಸುವವರು. ಗಾಜಿನ ಬಾಗಿಲನ್ನು ಹಿಂದಿನಿಂದ ಮುಚ್ಚಿ ನಿಂತರು.

“ಆ ಸಾಲು ತೆಗೆಯೋಕಾಗುತ್ತೇನಮ್ಮ?”

ಯಾವ ಸಾಲೆಂದು ನಾನು ಕೇಳಲಿಲ್ಲ. “ಆಗುತ್ತೆ ಸರ್. ಅದರ ಜಾಗದಲ್ಲಿ ಏನು ಹಾಕ್ಲಿ?”

“ನೀನೇ ಏನಾದ್ರೂ ಒಳ್ಳೇದು ನೋಡಿ ಹಾಕ್ಬುಡು.”

ಮೇಡಂ ಅವರ ವಿವರವನ್ನು ತೆರೆದೆ. ಹುದ್ದೆಯ ಜಾಗದಲ್ಲಿ ಕರ್ಸರ್ ಮಿನುಗುತ್ತಿತ್ತು. ಕೈಯನ್ನು ಕೀಬೋರ್ಡಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡೆ. “ನಾನು ಹಾಕಲ್ಲ ಸರ್. ನೀವು ಹೇಳ್ಬೇಕು. ಹೇಳಿದ್ದನ್ನ ಒಂದು ಆದೇಶ ಮಾಡಿ ಅವರ ಕೈಗೂ ಕೊಡ್ಬೇಕು.”

“ಅವರಿಗೆ ಸಿಟ್ಟಿದೆಯೇನಮ್ಮ ನನ್ನ ಮೇಲೆ?”

“ಗೊತ್ತಿಲ್ಲ ಸರ್. ಅವರನ್ನೇ ಕೇಳಿ.”

ಯಜಮಾನರು ಬಾಗಿಲು ತೆರೆದುಕೊಂಡು ನೇರವಾಗಿ ಮೇಡಂ ಮೇಜಿನ ಕಡೆ ನಡೆದರು. ಎದುರಿನ ಕುರ್ಚಿ ಎಳೆದು ಕೂತದ್ದು ನನಗೆ ಗಾಜಿನಾಚೆ ಕಾಣಿಸಿತು. ಮಾತು ಕೇಳಿಸಲಿಲ್ಲ. ಮೇಡಂ ಒಂದು ಮೀಟರನ್ನು ಕೈಗೆತ್ತಿಕೊಂಡು ಏನನ್ನೋ ತೋರಿಸುತ್ತಿದ್ದರು, ಯಜಮಾನರು ಬಗ್ಗಿ ನೋಡುತ್ತಿದ್ದರು.

ಮಾರನೆಯ ದಿನ ನಾಲ್ವರೂ ಮತ್ತೆ ಯಜಮಾನರ ಕೋಣೆಯಲ್ಲಿ ಸೇರಿದೆವು. ಮೊದಲು ಮಾತಾಡಿದವರು ಮ್ಯಾನೇಜರ್, ಅದೂ ನಾವು ಯಾರೂ ಎಣಿಸಿರದ ಹಾಗೆ.

“ಸರ್, ಒಂದ್ ವಿಷ್ಯ ಹೇಳ್ಬುಡ್ತೀನಿ. ಈ ಸಹಿ ಬಂದಾಗಿಂದ ಜನ ಮೇಡಂ ನಂಬರ್‌ಗೇ ಫೋನ್ ಮಾಡ್ತಾವ್ರೆ. ಮುಂಚೆ ಡ್ರೈವ್ ಮಾಡ್ತಾ ಮಾಡ್ತಾ ಒಂದು ಕೈಲಿ ಫೋನ್ ಹಿಡ್ಕೊಂಡಿರ್ತಿದ್ದೆ. ಈಗ ಮಂಗಳೂರಿಗೆ ಹೋಗಿ ಬಂದೆ, ದಾರೀಲಿ ಆರಾಮಾಗಿ ಊಟ ಮಾಡ್ದೆ. ನನಗೆ ಮೊದ್ಲು ಬೇಜಾರಾಗಿತ್ತು, ಇಲ್ಲ ಅನ್ನಲ್ಲ. ಟೂರು, ರಿಪೇರಿ ನನಗಿರ್ಲಿ. ಮೇಲು, ಫೋನು, ಗ್ರಾಹಕರ ತಕರಾರು ಎಲ್ಲ ಮೇಡಂಗೆ ಇರ್ಲಿ. ಅವರನ್ನೂ ಮ್ಯಾನೇಜರೇ ಮಾಡಿ.”

ಯಜಮಾನರು ಮೇಡಂ ಕಡೆ ನೋಡಿದರು. “ನಿಮಗೆ ಏನು ಅಂತ ಬೇಕು?”

ಮೇಡಂ ಯೋಚಿಸಿಯೇ ಬಂದಿದ್ದರೆಂದು ಕಾಣುತ್ತದೆ. “ಟೆಕ್ನಿಕಲ್ ಸಪೋರ್ಟ್ ಮ್ಯಾನೇಜರ್,” ಎಂದರು, ಒಂದೇ ಉಸಿರಿಗೆ, ಆ ಮಾತನ್ನು ಎಷ್ಟೋ ಸಲ ಮನಸ್ಸಿನಲ್ಲಿ ಆಡಿ ನೋಡಿದವರ ಹಾಗೆ. ಆಮೇಲೆ ಅವರ ಕುತ್ತಿಗೆಯವರೆಗೆ ಕೆಂಪೇರಿತು.

“ಆಯ್ತು,” ಎಂದರು ಯಜಮಾನರು. “ಆಗ್ಲಿ.”

ಆದೇಶ ಸಂಜೆಯೊಳಗೆ ಸಿದ್ಧವಾಯಿತು. ಯಜಮಾನರು ಇನ್ನೊಂದನ್ನೂ ಸೇರಿಸಿದ್ದರು, ನನ್ನ ಹೆಸರಿನದು. ಅದನ್ನು ಕೊಡುವಾಗ ಮುಖ ಗಂಟಿಕ್ಕಿಕೊಂಡು, “ಮುಂದೆ ಯಾರದ್ದಾದ್ರೂ ನೀನಾಗಿ ಬದಲಾಯಿಸೀಯ ಮತ್ತೆ,” ಎಂದರು. “ಇನ್ನೊಬ್ಬರದ್ದು ಬದಲಾಯಿಸಿಲ್ಲ ಸರ್,” ಎಂದೆ. ಅವರಿಗೆ ನಗು ತಡೆಯಲಾಗಲಿಲ್ಲ.

ಮನೆಯಲ್ಲಿ ಆ ಕಾಗದ ತೋರಿಸಿದಾಗ ಅಪ್ಪನಿಗೆ ಲೆಕ್ಕ ಹೊಂದಲಿಲ್ಲ. “ಇದನ್ನ ಮುಂಚೆನೇ ಆಕ್ಕಂಡಿದ್ದೀನಿ ಅಂದಿದ್ದಲ್ವಾ ನೀನು? ಅಂಗಾದ್ರೆ ಇಷ್ಟು ದಿನ ಸುಳ್ಳು ಆಕ್ಕಂಡಿದ್ದಾ?”

“ಸುಳ್ಳಲ್ಲಪ್ಪ. ಅವರಿಗಿಂತ ಸ್ವಲ್ಪ ಮುಂಚೆ ಹಾಕ್ಕೊಂಡಿದ್ದೆ, ಅಷ್ಟೇ.”

ಯಜಮಾನರು ಹೆದರಿದ್ದ ಕ್ಯೂ ನಿಜಕ್ಕೂ ಬಂತು, ಆದರೆ ಉದ್ದವೇನೂ ಇರಲಿಲ್ಲ. ಸ್ಟೋರ್ಸ್‌ನವರೊಬ್ಬರು, ವರ್ಕ್‌ಶಾಪಿನ ಒಬ್ಬ ಹಿರಿಯ ಮೆಕ್ಯಾನಿಕ್ಕು, ಇನ್ನೂ ಕೆಲವರು. ಯಜಮಾನರು ಒಬ್ಬೊಬ್ಬರನ್ನೂ ಕೂರಿಸಿಕೊಂಡು ಈಗ ನಿಮ್ಮ ಕೆಲಸ ಏನೆಂದು ಕೇಳಿದರು. ಕೆಲವರದ್ದು ಬದಲಾಯಿತು, ಕೆಲವರದ್ದು ಇದ್ದ ಹಾಗೇ ಉಳಿಯಿತು. ಉಳಿದವರಲ್ಲಿ ಒಬ್ಬಿಬ್ಬರಿಗೆ ಬೇಸರವೂ ಆಯಿತು. ಅದನ್ನು ಸರಿಪಡಿಸುವ ನಿಯಮ ಯಾವ ಸರ್ವರ್‌ನಲ್ಲೂ ಇಲ್ಲ.

ಹೊಸ ಹುದ್ದೆ ಹಾಕಿದ ಮರುದಿನ ಬೆಳಿಗ್ಗೆ ಮೇಡಂ ನನ್ನ ಕೋಣೆಗೆ ಬಂದು ಪಕ್ಕದ ಸ್ಟೂಲಿನಲ್ಲಿ ಕೂತರು. ತಮ್ಮ ಮನೆಯ ಮೇಲ್ ವಿಳಾಸಕ್ಕೆ ಆಫೀಸಿನಿಂದ ಒಂದು ಮೇಲ್ ಕಳಿಸಿ, ಫೋನಿನಲ್ಲಿ ತೆರೆದು ನೋಡಿದರು. ಬೆರಳಿಂದ ದೊಡ್ಡದು ಮಾಡಿ ಮತ್ತೆ ನೋಡಿದರು.

“ಸರಿಯಾಗಿದೆಯಾ ಮೇಡಂ?”

“ಸರಿಯಾಗಿದೆ. ಲೋಗೋ ಒಂಚೂರು ದೊಡ್ಡದಾಯ್ತು ಅನ್ಸುತ್ತಮ್ಮ, ಹೆಸರನ್ನ ಪಕ್ಕಕ್ಕೆ ತಳ್ತಾ ಇದೆ.”

ಅವರು ಹೇಳಿದ್ದು ನಿಜವಾಗಿತ್ತು. ಚಿಕ್ಕದು ಮಾಡಿದೆ. ಅಷ್ಟರಲ್ಲಿ ಶಿವಮೊಗ್ಗದ ಕಾಲೇಜೊಂದರ ದೂರು ಬಂದಿತ್ತು: ಮಳೆಗಾಲದ ತೇವಕ್ಕೆ ಮೈಕ್ರೋಸ್ಕೋಪಿನ ಮಸೂರಕ್ಕೆ ಬೂಷ್ಟು ಹಿಡಿದಿದೆ, ಏನೂ ಕಾಣುತ್ತಿಲ್ಲ, ನಾಳೆ ಪ್ರಾಕ್ಟಿಕಲ್ ಪರೀಕ್ಷೆ ಇದೆ. ಮೇಡಂ ತಮ್ಮ ಮೇಜಿಗೆ ಹೋಗಿ ಉತ್ತರ ಬರೆದರು. ಯಾವ ತಿರುಪು ಮೊದಲು ಸಡಿಲಿಸಬೇಕು, ಯಾವುದನ್ನು ಮುಟ್ಟಲೇಬಾರದು, ಯಾವ ಬಟ್ಟೆಯಿಂದ ಒಳಗಿನಿಂದ ಹೊರಕ್ಕೆ ಒರೆಸಬೇಕು, ಆಮೇಲೆ ಪೆಟ್ಟಿಗೆಯಲ್ಲಿ ಏನಿಟ್ಟರೆ ತೇವ ಹತ್ತಿರ ಬರುವುದಿಲ್ಲ ಎಲ್ಲವೂ ಅದರಲ್ಲಿತ್ತು. ಬರೆದು ಒಮ್ಮೆ ಓದಿ ಕಳಿಸಿ, ಸ್ಕ್ರೂಡ್ರೈವರ್ ತೆಗೆದುಕೊಂಡು ಕೆಳಗಿನ ವರ್ಕ್‌ಶಾಪಿಗೆ ಇಳಿದು ಹೋದರು.

ಮಧ್ಯಾಹ್ನ ಶಿವಮೊಗ್ಗದಿಂದ ಉತ್ತರ ಬಂತು. ಮಸೂರ ಸ್ವಚ್ಛವಾಗಿದೆ, ಈಗ ಚೆನ್ನಾಗಿ ಕಾಣುತ್ತಿದೆ, ಧನ್ಯವಾದ ಎಂದಷ್ಟೇ ಇತ್ತು. ಹುದ್ದೆಯ ಬಗ್ಗೆ ಯಾರೂ ಏನೂ ಕೇಳಿರಲಿಲ್ಲ.